ಉಡಿ ತುಂಬಿದ ಖಣ

ಈಚೆಗೆ ಅಥಣಿಯಲ್ಲಿ ಆ ಹಳೆಯ ನಾಟಕವನ್ನು ಮತ್ತೆ ಆಡಿದರು. ನಲವತ್ತು ವರ್ಷಗಳ ಹಿಂದೆ ನಾನು ಅದರಲ್ಲಿ ನಾಯಕಿಯಾಗಿದ್ದೆ. ನಾಯಕನಲ್ಲ, ನಾಯಕಿ. ನನ್ನ ಈಗಿನ ಬಿಳಿ ಮೀಸೆಯನ್ನೂ ದ್ರಾಕ್ಷಿ ತೋಟದ ಬಿಸಿಲು ತಿಂದ ಮುಖವನ್ನೂ ನೋಡಿದವರು ಇದನ್ನು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನನಗೆ ಆಗಬೇಕಾದದ್ದೇನೂ ಇಲ್ಲ.

ನಮ್ಮದು ಐಗಳಿ. ಆಗ ಊರಿನ ಹೆಂಗಸರು ರಂಗ ಹತ್ತುತ್ತಿರಲಿಲ್ಲ. ಹೊರಗಿನಿಂದ ನಟಿಯನ್ನು ಕರೆಸಲು ನಮ್ಮ ನಾಟಕದ ಮಾಸ್ತರರಿಗೆ ಮನಸ್ಸಿರಲಿಲ್ಲ. ಬಂದವಳು ತನ್ನ ಮಾತು ಒಪ್ಪಿಸಿ ಬಸ್ಸು ಹತ್ತುತ್ತಾಳೆ, ನಮ್ಮ ಹುಡುಗರ ಜೊತೆ ಬೆರೆಯುವುದಿಲ್ಲ ಎನ್ನುತ್ತಿದ್ದರು. ಹಾಗಾಗಿ ಮೀಸೆ ಇನ್ನೂ ಸರಿಯಾಗಿ ಮೂಡಿರದ ನನ್ನನ್ನು ಹಿಡಿದು ತಂದು ಸೀರೆ ಉಡಿಸಿದರು. ಎರಡು ತಿಂಗಳು ತುಂಬಿದ ಕೊಡ ಹೊರಿಸಿ ಅಂಗಳದಲ್ಲಿ ನಡೆಸಿದರು. ನೀರು ತುಳುಕಿದರೆ ಮತ್ತೆ ಮೊದಲಿನಿಂದ. ಊರ ಹುಡುಗರು ನನ್ನನ್ನು 'ವೈನಿ', ಅಂದರೆ ಅತ್ತಿಗೆ, ಎಂದು ಕರೆಯತೊಡಗಿದರು. ಒಬ್ಬಿಬ್ಬರಿಗೆ ಕಪಾಳಕ್ಕೆ ಬಾರಿಸಿದ ಮೇಲೆ ಕರೆಯುವುದನ್ನು ಬಿಟ್ಟರು. ಸೀರೆ ಉಟ್ಟಾಗ ಮಾತ್ರ ಯಾರೂ ಚೇಷ್ಟೆ ಮಾಡುತ್ತಿರಲಿಲ್ಲ.

ನಾಟಕದ ಕಥೆ ಸರಳ. ಎರಡು ಮನೆತನಗಳ ಹಗೆ ತೀರಲಿ ಎಂದು ಒಂದು ಹುಡುಗಿಯನ್ನು ಹಗೆಯ ಮನೆಗೇ ಮದುವೆ ಮಾಡಿ ಕೊಡುತ್ತಾರೆ. ಅವಳು ಮತ್ತೆ ತವರಿಗೆ ಬರುವುದಿಲ್ಲ. ಅವಳನ್ನು ಕಳಿಸುವ ಪ್ರವೇಶವೇ ನಾಟಕದ ಜೀವ. ಅಣ್ಣ ಗಾಡಿ ಕಟ್ಟಿ ನಿಂತಿರುತ್ತಾನೆ. ಹುಡುಗಿ ಹೊಸ್ತಿಲು ದಾಟುತ್ತಾಳೆ, ಮರಳಿ ಬರುತ್ತಾಳೆ, ಬಾಗಿಲ ಚೌಕಟ್ಟನ್ನು ಮೇಲಿನಿಂದ ಕೆಳಗಿನವರೆಗೆ ಅಂಗೈಯಿಂದ ಸವರುತ್ತಾಳೆ. ಆಕಳ ಕರುವಿಗೆ ನೀರು ಇಡುವುದನ್ನು ಮರೆಯಬೇಡ ಎಂದು ಅಣ್ಣನಿಗೆ ಹೇಳುತ್ತಾಳೆ. ಹೀಗೆ ಮೂರು ಸಲ. ಮೂರನೆಯ ಸಲ ಮಾತು ಬರುವುದಿಲ್ಲ, ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ನಡೆಯುತ್ತಾಳೆ. ಚೌಕಟ್ಟು ಸವರುವುದು ಪುಸ್ತಕದಲ್ಲಿರಲಿಲ್ಲ, ಅದು ನನ್ನದು. ನಮ್ಮ ಅಕ್ಕ ಗಂಡನ ಮನೆಗೆ ಹೊರಟಾಗ ಹಾಗೆ ಮಾಡಿದ್ದನ್ನು ನಾನು ನೋಡಿದ್ದೆ.

ಕೃಷ್ಣೆಯ ದಂಡೆಯ ಸತ್ತಿ ಎಂಬ ಊರಿನಲ್ಲಿ ಆಡಿದಾಗ, ಈ ಪ್ರವೇಶ ಬರುವ ಹೊತ್ತಿಗೆ ಮೂಡಣದಲ್ಲಿ ಬೆಳಕು ಹರಿಯುತ್ತಿತ್ತು. ನಾನು ಎರಡನೆಯ ಸಲ ಹೊಸ್ತಿಲಿಗೆ ಮರಳಿದ್ದೆ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಒಬ್ಬ ತಾಯಿ ಎದ್ದು ರಂಗದ ಮೆಟ್ಟಿಲು ಹತ್ತಿದಳು. ಹಿಂದೆ ಹಿತ್ತಾಳೆ ತಾಟು ಹಿಡಿದ ಅವಳ ಮಗಳು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಮೇಲೆ ಒಂದು ಹಸಿರು ಕುಪ್ಪಸದ ಖಣ. ನಾಟಕ ನಿಂತಿತು. ಆಕೆ ನನ್ನ ಎದುರು ನಿಂತು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ತಂಗೀ, ಉಡಿ ತುಂಬಿಸ್ಕೊಳ್ಳದ ಹೋಗಬ್ಯಾಡವ್ವಾ."

ಗಂಡುಹುಡುಗನಿಗೆ ಉಡಿ ತುಂಬುವುದುಂಟೆ? ನಾನು ಪಕ್ಕದ ಪರದೆಯತ್ತ ನೋಡಿದೆ. ಮಾಸ್ತರರು ಕಣ್ಣಲ್ಲೇ ತೊಗೊ ಎಂದರು. ಸೆರಗೊಡ್ಡಿದೆ. ಹಾರ್ಮೋನಿಯಂ ಪೇಟಿಯವನು ನುಡಿಸುತ್ತಲೇ ಇದ್ದ. ಆಕೆ ಉಡಿ ತುಂಬಿ, ನನ್ನ ಕೆನ್ನೆ ಸವರಿ, ಬೆರಳು ಲಟಿಕೆ ಮುರಿದು ಇಳಿದು ಹೋದಳು. ಕೆಳಗೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಾನು ಅತ್ತದ್ದು ನಟನೆಯಾಗಿರಲಿಲ್ಲ.

ವಿಷಯ ಗೊತ್ತಾದದ್ದು ಚಹಾ ಕುಡಿಯುವಾಗ. ಆಕೆಯ ಹಿರಿಯ ಮಗಳನ್ನು ಹೊಳೆಯಾಚೆ ರಾಯಬಾಗದ ಕಡೆ ಕೊಟ್ಟಿದ್ದರು. ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆಂದು ತಾಯಿ ಹಸಿರು ಖಣ ತಂದಿಟ್ಟಿದ್ದಳು. ಆ ಮಳೆಗಾಲದಲ್ಲಿ ಹೊಳೆ ತುಂಬಿ ದೋಣಿಗಳು ನಿಂತವು. ಹೊಳೆ ಇಳಿಯುವ ಮೊದಲೇ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಮಗಳಿಗೆ ತುಂಬಲಾಗದ ಉಡಿಯನ್ನು ಆಕೆ ನನಗೆ ತುಂಬಿದ್ದಳು.

ಎರಡು ವರ್ಷ ಕಳೆದ ಮೇಲೆ, ಆ ದಿನ ತಾಟು ಹಿಡಿದು ನಿಂತಿದ್ದ ಕಿರಿಯ ಮಗಳನ್ನೇ ನನಗೆ ಕೊಟ್ಟರು. ನಮಗಿದ್ದದ್ದು ನಾಲ್ಕೆಕರೆ ಎರೆಹೊಲ, ಅದರಲ್ಲೂ ಒಂದೆಕರೆ ಸವುಳು. ನನ್ನ ಅತ್ತೆ ಹೊಲ ನೋಡಿ ಮಗಳನ್ನು ಕೊಡಲಿಲ್ಲ, ಅವತ್ತಿನ ಅಳು ನೋಡಿ ಕೊಟ್ಟಳು ಎಂದು ನನ್ನ ಹೆಂಡತಿ ಹಂಗಿಸುತ್ತಿದ್ದಳು. ಖಣ ನನ್ನ ಟ್ರಂಕಿನಲ್ಲಿ ಉಳಿಯಿತು. ಯಾರೂ ಅದನ್ನು ಹೊಲಿಸುವ ಮಾತೆತ್ತಲಿಲ್ಲ.

ಈಗಿನ ಕಥೆಗೆ ಬರುತ್ತೇನೆ. ಕಳೆದ ಚಳಿಗಾಲದಲ್ಲಿ ಚಿಕ್ಕೋಡಿಯ ಒಬ್ಬ ನಿರ್ದೇಶಕ ನಮ್ಮ ಮನೆಗೆ ಬಂದ. ಮೂವತ್ತರ ಹರೆಯ, ಮಾತು ಮೆತ್ತಗೆ, ಬಗ್ಗಿ ಕಾಲು ಮುಟ್ಟುವ ರೀತಿ. ಹಳೆಯ ನಾಟಕವನ್ನು ಮತ್ತೆ ಎತ್ತುತ್ತಿದ್ದೇವೆ, ನೀವು ಹೇಳಿಕೊಡಬೇಕು ಎಂದ. ಅವನನ್ನು ಕರೆತಂದವನು ನನ್ನ ಗೆಳೆಯ. ಅಂದಿನ ನಾಟಕದಲ್ಲಿ ಗಾಡಿ ಕಟ್ಟಿ ನಿಲ್ಲುತ್ತಿದ್ದ ಅಣ್ಣ ಇವನೇ. ಜೈನರ ದೊಡ್ಡ ಮನೆತನದವನು, ಅಥಣಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಈ ಹೊಸ ಪ್ರಯೋಗದ ಸಮಿತಿಯಲ್ಲೂ ಇದ್ದ. ಇವನಿದ್ದ ಮೇಲೆ ನನಗೆ ಅನುಮಾನ ಯಾತಕ್ಕೆ?

ನಾಲ್ಕು ಭಾನುವಾರ ನಿರ್ದೇಶಕ ಬಂದ. ಒಣದ್ರಾಕ್ಷಿಯ ಶೆಡ್ಡಿನಲ್ಲಿ, ಹಣ್ಣು ಒಣಗಿಸುವ ಬಲೆಗಳ ನಡುವೆ, ಅರವತ್ತರ ಹತ್ತಿರ ಬಂದ ನಾನು ಟವೆಲ್ಲನ್ನೇ ಸೆರಗು ಮಾಡಿಕೊಂಡು ನಡೆದು ತೋರಿಸಿದೆ. ಶೆಡ್ಡಿನ ಕಬ್ಬಿಣದ ಕಂಬವನ್ನು ಚೌಕಟ್ಟೆಂದು ಸವರಿದೆ. ಅವನು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡ. ಕೆಲಸದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದರು. ನನಗೆ ನಾಚಿಕೆ ಅನ್ನಿಸಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮೈ ಹಗುರಾಗಿತ್ತು, ಅದನ್ನು ಮುಚ್ಚಿಡುವುದೇಕೆ?

ಕೊನೆಯ ಭಾನುವಾರ ಅವನು, ಆಗಿನ ಕಾಲದ ಸಾಮಾನು ಏನಾದರೂ ಉಳಿದಿದೆಯೇ ಎಂದು ಕೇಳಿದ. ಹೆಂಡತಿ ಕಾಗವಾಡದಲ್ಲಿರುವ ಮಗಳ ಮನೆಗೆ ಹೋಗಿದ್ದಳು. ಟ್ರಂಕು ತೆಗೆದು ಖಣವನ್ನು ಅವನ ಕೈಗಿಟ್ಟೆ, ಅದರ ಕಥೆಯನ್ನೂ ಹೇಳಿದೆ. ಅವನು ಎರಡೂ ಕೈಯಿಂದ ಅದನ್ನು ಕಣ್ಣಿಗೆ ಒತ್ತಿಕೊಂಡ.

"ಆ ಪ್ರವೇಶ ನೀವು ಹೆಂಗ ಮಾಡಿದ್ರೋ ಹಂಗ ಇಡತೇವ್ರಿ, ಒಂದ ಎಳಿ ಬದಲ ಮಾಡಂಗಿಲ್ಲ" ಎಂದ.

ನಾಟಕವಿದ್ದದ್ದು ಭಾನುವಾರ ಮಧ್ಯಾಹ್ನ ಮೂರಕ್ಕೆ, ಪಂಖಗಳು ಗರಗರ ತಿರುಗುವ ಹೊಸ ಸಭಾಭವನದಲ್ಲಿ. ಏಕಸಂಬಿ, ರಾಯಬಾಗ, ಕಾಗವಾಡದಿಂದ ಜನ ಕ್ರೂಸರ್ ಗಾಡಿ ಮಾಡಿಕೊಂಡು ಬಂದಿದ್ದರು. ಸತ್ತಿಯಿಂದಲೇ ಹತ್ತಿಪ್ಪತ್ತು ಹೆಂಗಸರು. ಅವರಲ್ಲಿ ಕೆಲವರು ಆವತ್ತು ರಂಗದ ಮುಂದೆ ಕೂತು ಕಣ್ಣೊರೆಸಿಕೊಂಡವರು. ನನ್ನನ್ನು ಮೊದಲ ಸಾಲಿನ ಸೋಫಾದ ಮೇಲೆ ಗೆಳೆಯನ ಪಕ್ಕ ಕೂರಿಸಿದರು. ಹೆಂಡತಿ ನಡುದಾರಿಯ ಆಚೆ, ಹೆಂಗಸರ ಎರಡನೆಯ ಸಾಲಿನಲ್ಲಿ, ತನ್ನ ಊರಿನವರ ಜೊತೆ ಕೂತಳು. ಖಣ ಕೊಟ್ಟದ್ದನ್ನು ಅವಳಿಗೆ ಹೇಳಿರಲಿಲ್ಲ. ರಂಗದ ಮೇಲೆ ನೋಡಿ ಬೆರಗಾಗಲಿ ಎಂಬ ಆಸೆ.

ನಾಯಕಿ ನಿಪ್ಪಾಣಿಯ ಹುಡುಗಿ. ಚೆನ್ನಾಗಿ ಓದಿಕೊಂಡವಳು, ಚೆನ್ನಾಗಿಯೇ ಮಾಡಿದಳು. ಕಳಿಸುವ ಪ್ರವೇಶ ಬಂತು. ನಾನು ಸೋಫಾದ ತುದಿಗೆ ಸರಿದೆ. ಹುಡುಗಿ ಹೊಸ್ತಿಲು ದಾಟಿದಳು, ಒಮ್ಮೆ ತಿರುಗಿ ನೋಡಿದಳು, ಹೋಗಿಬಿಟ್ಟಳು. ಅಷ್ಟೇ. ಇನ್ನೂ ಏನೋ ಬರುತ್ತದೆ ಎಂದು ನಾನು ಕಾಯುತ್ತ ಕೂತಿದ್ದೆ.

ಬಂತು. ಮನೆಯ ಆಳಿನ ಪಾತ್ರ ಮಾಡಿದ್ದ ಹಾಸ್ಯಗಾರ ಒಳಗಿನಿಂದ ಸೀರೆ ಸುತ್ತಿಕೊಂಡು ಬಂದ. ಕೆಳಗಡೆ ಮೀಸೆ, ಮೇಲೆ ಸೆರಗು. ಜನರತ್ತ ತಿರುಗಿ, ಹಳೆಯ ಕಾಲದ ಹೀರೋಯಿನ್ ಹೇಗೆ ತವರು ಬಿಡುತ್ತಿದ್ದಳು ತೋರಿಸುತ್ತೇನೆ ನೋಡಿ ಎಂದ. ಅಲ್ಲಿಂದ ಮುಂದೆ ನನ್ನದು ಒಂದೂ ಬಿಡಲಿಲ್ಲ. ನನ್ನ ನಡಿಗೆ, ನನ್ನ ಕರು, ನನ್ನ ಮೂರು ಸಲ. ಚೌಕಟ್ಟಿಗೆ ಮೈ ಹಚ್ಚಿ ಎಮ್ಮೆ ತುರಿಸಿಕೊಂಡ ಹಾಗೆ ಮೇಲೆ ಕೆಳಗೆ ಉಜ್ಜಿದ. ಸೊಂಟದಿಂದ ಹಸಿರು ಖಣ ಎಳೆದು ಮೂಗು ಒರೆಸಿ, ಹಿಂಡಿ, ಮತ್ತೆ ಒರೆಸಿದ. ಹೆಂಗ ಮಾಡಿದ್ರೋ ಹಂಗ ಇಟ್ಟಿದ್ದರು. ನಿರ್ದೇಶಕ ಮಾತು ತಪ್ಪಿರಲಿಲ್ಲ.

ನಗು ಮೊದಲು ಎದ್ದದ್ದು ಹೆಂಗಸರ ಕಡೆಯಿಂದ. ಸತ್ತಿಯ ಮುದುಕಿಯರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಆಮೇಲೆ ಇಡೀ ಭವನ. ಹಿಂದಿನ ಹುಡುಗರು ಸೀಟಿ ಹೊಡೆದು 'ಲಯ್ ಭಾರಿ' ಎಂದು ಕೂಗಿದರು. ಯಾರೋ 'ಒನ್ಸ್ ಮೋರ್' ಎಂದರು. ಹಾಸ್ಯಗಾರ ಕೈಮುಗಿದು ಮತ್ತೊಮ್ಮೆ ಎಲ್ಲವನ್ನೂ ಮಾಡಿದ. ಮೊದಲಿಗಿಂತ ಜೋರಾಗಿ ನಕ್ಕರು. ನನ್ನ ಆಚೀಚೆ ಕೂತವರು ನನ್ನ ಮುಖ ನೋಡತೊಡಗಿದರು. ಆ ಹೊತ್ತಿನಲ್ಲಿ ನಾನೇನು ಮಾಡಿದೆ ಎಂಬುದನ್ನು ಇಲ್ಲಿಯೇ ಹೇಳಲು ಮನಸ್ಸಾಗುತ್ತಿಲ್ಲ. ಮುಂದೆ ಹೇಳುತ್ತೇನೆ.

ನಾಟಕ ಮುಗಿದ ಮೇಲೆ ನನ್ನನ್ನು ಮೇಲೆ ಕರೆದು ಶಾಲು ಹೊದಿಸಿದರು, ತಲೆಗೆ ಪೇಟಾ ಸುತ್ತಿದರು. ಹಾಸ್ಯಗಾರ ಬಂದು ಕಾಲಿಗೆ ಬಿದ್ದ. ಇಪ್ಪತ್ತೈದರ ಆಸುಪಾಸು, ಬಣ್ಣ ಬೆವರಿಗೆ ಇಳಿಯುತ್ತಿತ್ತು. ಎಲ್ಲವನ್ನೂ ನಿಮ್ಮ ವಿಡಿಯೋ ನೋಡಿಯೇ ಕಲಿತೆ ಎಂದು ಹೇಳಿ, ಬರೋಬ್ಬರಿ ಬಂತೇನ್ರಿ ಎಂದು ಕೇಳಿದ. ಅವನ ಕಣ್ಣಲ್ಲಿ ಕುಚೇಷ್ಟೆ ಇರಲಿಲ್ಲ. ಬೈಯಲು ಒಂದು ಕಾರಣವನ್ನೂ ಅವನು ನನಗೆ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಗೆಳೆಯನ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು. ಇರಲಿ ಎಂದು ಎಲ್ಲರ ಮುಂದೆಯೇ ಕೇಳಿದೆ, ನಿನಗೆ ಮೊದಲೇ ಗೊತ್ತಿತ್ತೋ ಇಲ್ಲವೋ. ಅವನು ಗೊಬ್ಬರದ ಚೀಟಿ ಬರೆಯುವುದನ್ನು ನಿಲ್ಲಿಸಲಿಲ್ಲ. ತಾಲೀಮಿನಲ್ಲಿ ನೋಡಿದ್ದೆ ಎಂದು ಒಪ್ಪಿಕೊಂಡ. ಅಷ್ಟು ಹೊತ್ತು ಅಳುವುದನ್ನು ಈಗಿನ ಜನ ತಡೆದುಕೊಳ್ಳುವುದಿಲ್ಲ, ಎದ್ದು ಹೋಗುತ್ತಾರೆ ಎಂದು ನಿರ್ದೇಶಕನಿಗೆ ಹೇಳಿದವನೂ ತಾನೇ ಎಂದ. ನನಗೆ ಯಾಕೆ ತಿಳಿಸಲಿಲ್ಲ ಎಂದೆ.

"ತಿಳಿಸಿದ್ರ ನೀ ಬರ್ತಿದ್ದಿಲ್ಲ. ನೀ ಬರಬೇಕಿತ್ತಲೇ" ಎಂದ.

ನಲವತ್ತು ವರ್ಷ ಅವನನ್ನು ಅಣ್ಣ ಎಂದು ಕರೆದಿದ್ದೆ. ನಾಟಕದಲ್ಲಿ ಕರೆದದ್ದು ಬಾಯಿಗೆ ಅಂಟಿ ಹಾಗೆಯೇ ಉಳಿದಿತ್ತು. ಅವತ್ತು ಅಂಗಡಿಯ ಮೆಟ್ಟಿಲಿಳಿಯುವಾಗ ಅವನ ಹೆಸರು ಹಿಡಿದು ಬೈದೆ.

ಮನೆಗೆ ಬಂದು ಎರಡು ದಿನ ಅದೇ ಹಾಡು. ನಿರ್ದೇಶಕ ಮೋಸ ಮಾಡಿದ, ಗೆಳೆಯ ಕುತ್ತಿಗೆ ಕೊಯ್ದ, ಸತ್ತಿಯ ಹೆಂಗಸರಿಗೆ ಕಣ್ಣಲ್ಲಿ ನೀರೇ ಬತ್ತಿದೆ. ಬಂದವರಿಗೆ ಹೇಳಿದೆ, ಫೋನು ಮಾಡಿದವರಿಗೆ ಹೇಳಿದೆ. ಹೆಂಡತಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ಬಡಿಸುತ್ತಿದ್ದಳು. ಅವಳ ಮೌನ ನನ್ನ ಪರವಾಗಿದೆ ಎಂದೇ ನಾನು ತಿಳಿದಿದ್ದೆ.

ಎರಡನೆಯ ದಿನ ನಿರ್ದೇಶಕ ಒಬ್ಬರ ಕೈಯಲ್ಲಿ ಖಣ ಕಳಿಸಿದ, ಪ್ಲಾಸ್ಟಿಕ್ ಚೀಲದಲ್ಲಿ. ಅದರ ತುಂಬ ಮುಖದ ಬಣ್ಣ. ನಾನು ಮುಟ್ಟುವ ಮೊದಲೇ ಹೆಂಡತಿ ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ತಣ್ಣೀರಿನಲ್ಲಿ ನೆನೆಸಿ, ತಿಕ್ಕದೆ, ಬೆರಳ ತುದಿಯಿಂದ ಕಲೆ ಕಲೆಯಾಗಿ ಬಿಡಿಸಿದಳು. ನಾನು ಕಟ್ಟೆಯ ಮೇಲೆ ಕೂತು ಗೆಳೆಯನನ್ನು ಬೈಯುತ್ತಲೇ ಇದ್ದೆ. ನೆರಳಿನಲ್ಲಿ ಒಣಹಾಕಿ, ಕೈ ಒರೆಸಿಕೊಂಡು, ಅವಳು ಮೊದಲ ಸಲ ಬಾಯಿ ಬಿಟ್ಟಳು.

"ಅವನ ಸೊಂಟದಾಗ ಖಣ ಕಂಡ ಕೂಡಲೆ ನಾ ನಿಮ್ಮ ಮಾರಿ ನೋಡಿದ್ನಿ."

ನಾನು ಕಟ್ಟೆಯಿಂದ ಇಳಿದು ನಿಂತೆ.

"ಮಂದಿ ನಕ್ರು, ಅವರಿಗೇನ ಗೊತ್ತಿತ್ತು. ನಿಮಗ ಗೊತ್ತಿತ್ತಲ್ಲಾ. ನೀವ್ಯಾಕ ನಕ್ರಿ?"

ಹೌದು, ನಾನು ನಕ್ಕಿದ್ದೆ. ಆಚೀಚೆಯವರು ಮುಖ ನೋಡಿದಾಗ, ಮುದುಕ ಮುನಿಸಿಕೊಂಡ ಅನ್ನಿಸಬಾರದು ಎಂದು ಮೊದಲು ತುಟಿ ಅಗಲಿಸಿದೆ. ಗೆಳೆಯ ನನ್ನ ತೊಡೆ ತಟ್ಟಿದ. ಆಮೇಲೆ ಬಾಯಿ ತೆರೆದೇ ನಕ್ಕೆ. ಎರಡನೆಯ ಸಲ ಮಾಡಿದಾಗ ಚಪ್ಪಾಳೆಯನ್ನೂ ತಟ್ಟಿದೆ. ನಾಚಿಕೆಗೆಟ್ಟು ಬರೆಯುತ್ತಿದ್ದೇನೆ, ಒಂದು ಗಳಿಗೆ ನನಗೆ ನಿಜವಾಗಿಯೂ ನಗು ಬಂದಿತ್ತು. ಎರಡು ದಿನ ಊರೆಲ್ಲ ಸಾರಿದ ಮೋಸದ ಕಥೆಯಲ್ಲಿ ನಾನು ಬಿಟ್ಟಿದ್ದ ತುಣುಕು ಇದೊಂದೇ. ನಡುದಾರಿಯ ಆಚೆಯಿಂದ ಅವಳು ನೋಡಿದ್ದು ಅದನ್ನೇ.

ಏನಾದರೂ ಹೇಳಬೇಕೆಂದು, ಸಂಜೆ ಖಣ ಒಣಗಿದ ಮೇಲೆ ಟ್ರಂಕಿನ ಬೀಗ ತೆಗೆದು, ಕೊಡು, ಇಡುತ್ತೇನೆ ಎಂದೆ. ಅವಳು ಅದನ್ನು ಮೊಣಕಾಲ ಮೇಲೆ ಹರವಿಕೊಂಡು ಹಳೆಯ ಮಡಿಕೆಗಳ ಗುರುತು ಹಿಡಿದೇ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮವ್ವ ಇದನ್ನ ನಿಮಗ ಕೊಟ್ಟಿದ್ದಲ್ರಿ. ಅಕ್ಕಗ ಕೊಟ್ಟಿದ್ಲು."

ಹಾಗೆಂದು ಎದ್ದು, ತನ್ನ ಕಪಾಟಿನಲ್ಲಿ, ತಾಯಿಯ ಸೀರೆಗಳ ಕೆಳಗೆ ಅದನ್ನು ಇಟ್ಟಳು. ನಾನು ಟ್ರಂಕಿನ ಬೀಗ ಮತ್ತೆ ಹಾಕಿದೆ.