ಸೇಲಿಜ್‌ನ ವಂಶಾವಳಿ

ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಸಂದರ್ಶನ. ಇಷ್ಟದ ವಿಷಯ ಕೇಳಿದರು. ನೆಲ ನೋಡುತ್ತಲೇ ಹೇಳಿದೆ: ಪದಗಳ ಮೂಲ. 'ಸೇಲಿಜ್' ಅಂದರೆ ಇಂಗ್ಲಿಷ್, ಜರ್ಮನ್‌ಗಳ ತಾಯಿಭಾಷೆಯಾದ ಹಳೆಯ ಜರ್ಮ್ಯಾನಿಕ್‌ನಲ್ಲಿ ಸುಖಿ. ಅದರ ಪೀಳಿಗೆ ಜರ್ಮನಿಯಲ್ಲಿ ಧನ್ಯ ಎನಿಸಿಕೊಂಡಿತು, ಇಂಗ್ಲಿಷಿನಲ್ಲಿ 'ಸಿಲ್ಲಿ' ಆಗಿ ಪೆದ್ದಾಯಿತು.

"ಸೇಲಿಜ್ ಯಾವ ಪುಸ್ತಕದಾಗ ಐತ್ರಿ?" ತಲೆಗೆ ಪಟಕಾ ಸುತ್ತಿದ್ದ ಅಧ್ಯಕ್ಷರು ಕೇಳಿದರು.

"ಎಲ್ಲೂ ಇಲ್ಲ ಸರ್. ಮೊಮ್ಮಕ್ಕಳನ್ನು ನೋಡಿ ಅಜ್ಜ ಹೀಗಿದ್ದ ಅಂತ ಭಾಷಾಪಂಡಿತರು ಊಹಿಸಿದ್ದಾರೆ."

"ನಮ್ಮ ಮನಿಗೂ ವಂಶಾವಳಿ ಹೇಳಾಕ ಹೆಳವ ಬರ್ತಾನ. ಆಕಳ ಕೊಟ್ಟೆ, ನಮ್ಮ ಮುತ್ತ್ಯಾನ್ನ ದೇಸಾಯಿ ಮಾಡಿದ. ನಿಮ್ಮವ್ರಿಗೆ ಯಾರ ಏನ ಕೊಟ್ಟಿದ್ರು?"

ಕೆಲಸ ಹೋಯಿತೆಂದುಕೊಂಡು, "ಬೇಕಾದರೆ ನಿಮ್ಮ ಅಡ್ಡಹೆಸರಿನ ಮೂಲವನ್ನೂ ಹುಡುಕುತ್ತೇನೆ ಸರ್" ಎಂದುಬಿಟ್ಟೆ. ಅವರು ನಗಲಿಲ್ಲ.

ಕೆಲಸ ಸಿಕ್ಕಿತು. ಮೊದಲ ದಿನವೇ ಅಧ್ಯಕ್ಷರು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಹುಡುಕ್ರಿ. ಆದ್ರ ಏನ ಸಿಕ್ಕತು ಅಂತ ನನಗೊಬ್ಬಂಗ ಹೇಳ್ರಿ."