ಸಮಸಂಖ್ಯೆಯ ಹೂಗಳು

ಹೂವಿನ ಕಟ್ಟು ಕಟ್ಟುವಾಗ ರಯೀಸಾ ಎಣಿಸಿದ್ದನ್ನು ನಾನು ನೋಡಿಯೇ ಇಲ್ಲ. ಮೂರು, ಐದು, ಏಳು. ಬೆರಳು ತಾನಾಗಿಯೇ ನಿಲ್ಲುತ್ತಿತ್ತು. ಬದುಕಿರುವವರಿಗೆ ಬೆಸ, ಸತ್ತವರಿಗೆ ಸಮ. ನಮ್ಮಲ್ಲಿ ಸಣ್ಣ ಕೂಸಿಗೂ ಇದು ಗೊತ್ತು. ಒಮ್ಮೆ ನಾನು ಮೈಮರೆತು ಆರು ಹೂವಿನ ಕಟ್ಟು ಮಾಡಿದ್ದಕ್ಕೆ, "ಏನೇ ಹನ್ನಾ, ಯಾರನ್ನ ಹೂಳೋಕೆ ಹೊರಟೆ?" ಎಂದು ಕೈಗೆ ಪಟ್ಟನೆ ಹೊಡೆದಿದ್ದಳು.

ನಮ್ಮ ಹಳ್ಳಿ ಕೀವ್‌ಗೆ ಉತ್ತರದಲ್ಲಿ, ಕಾಡಿನ ರಸ್ತೆಯ ಮೇಲಿದೆ. ಅದರ ಅಂಚಿನ ಗಾಜಿನ ಹೂಮನೆ ರಯೀಸಾ ಮತ್ತು ಅವಳ ಗಂಡ ಪನಾಸ್‌ನದು. ನಾನು ಪಕ್ಕದ ಮನೆಯವಳು, ಅಲ್ಲೇ ಕೆಲಸಕ್ಕಿದ್ದೆ. ಮಾರ್ಚ್ ಎಂಟು ಹೆಂಗಸರ ಹಬ್ಬ. ಅವತ್ತು ಮಾರುವುದಕ್ಕೆಂದೇ ಚಳಿಗಾಲವಿಡೀ ಟ್ಯೂಲಿಪ್ ಗೆಡ್ಡೆಗಳನ್ನು ಬೆಚ್ಚಗೆ ಸಾಕುತ್ತಿದ್ದೆವು. ಮಕ್ಕಳಿಲ್ಲದ ರಯೀಸಾಗೆ ತನ್ನವರು ಅಂದರೆ ಗಂಡ, ಮತ್ತೆ ತಂಗಿ ಲೂಸ್ಯಾ. ನಮ್ಮ ದೇಶವೂ ರಷ್ಯಾವೂ ಒಂದೇ ಆಗಿದ್ದ ಕಾಲದಲ್ಲಿ ಲೂಸ್ಯಾ ಮದುವೆಯಾಗಿ ರಷ್ಯಾದ ಬೆಲ್ಗೊರೋದ್‌ಗೆ ಹೋದವಳು. ಭಾನುವಾರಕ್ಕೊಮ್ಮೆ ಅವಳ ಫೋನು. ಅದಕ್ಕಾಗಿ ತಲೆ ಬಾಚಿಕೊಂಡು ಕೂರುತ್ತಿದ್ದಳು ನಮ್ಮ ಪುಣ್ಯಾತ್ಗಿತ್ತಿ.

ಫೆಬ್ರವರಿ ಕೊನೆಯಲ್ಲಿ, ಮೊಗ್ಗುಗಳು ಬಣ್ಣ ತೋರುವ ಹೊತ್ತಿಗೆ, ರಷ್ಯಾದ ಟ್ಯಾಂಕುಗಳು ಗಡಿ ದಾಟಿದವು. ಆ ಬೆಳಿಗ್ಗೆ ಮೊದಲು ಬಂದದ್ದು ಲೂಸ್ಯಾಳ ಫೋನೇ. ಅಕ್ಕನನ್ನು ಅವಳು ರಾಯಾ ಅಂತಲೇ ಕರೆಯುವುದು. "ಹೆದರ್ಕೋಬೇಡ ಕಣೇ ರಾಯಾ. ನಮ್ಮೋರು ಜನರನ್ನ ಮುಟ್ಟಲ್ಲ, ಟೀವೀಲಿ ಹೇಳಿದಾರೆ. ಸ್ವಲ್ಪ ದಿನ ನೆಲಮಾಳಿಗೇಲಿ ಕೂತ್ಕೊಂಡು ಉಪ್ಪಿನಕಾಯಿ ತಿಂತಾ ಇರು, ಎಲ್ಲಾ ಮುಗಿಯುತ್ತೆ."

"ಉಪ್ಪಿನಕಾಯಿ ಇರಲಿ, ಮೊದಲು ಅವಳ ಟೀವಿ ಆರಿಸೋಕೆ ಹೇಳು," ಎಂದು ಹಿಂದಿನಿಂದ ಪನಾಸ್ ಕೂಗಿದ. ಆಮೇಲೆ ಕರೆಂಟು ಹೋಯಿತು, ಫೋನೂ ಹೋಯಿತು, ಟ್ಯಾಂಕುಗಳು ನಮ್ಮ ಬೀದಿಗೇ ಬಂದವು. ಅವುಗಳ ಅದುರಾಟಕ್ಕೆ ಹೂಮನೆಯ ಅರ್ಧ ಗಾಜು ಉದುರಿತು.

ಗ್ಯಾಸ್ ನಿಂತ ಮೇಲೆ ಪನಾಸ್ ಸೌದೆ ಉರಿಸಿ ಹೂಮನೆ ಕಾಯಿಸತೊಡಗಿದ. "ಯಾರಿಗಯ್ಯಾ ಈಗ ಹೂವು? ತಲೆ ನೆಟ್ಟಗಿದೆಯಾ?" ಎಂದು ಬೈದೆ. "ಗಿಡಕ್ಕೆ ಯುದ್ಧ ಗೊತ್ತಾಗುತ್ತಾ?" ಎಂದ. ಕೈಗಾಡಿ ತಳ್ಳಿಕೊಂಡು ಸೌದೆಗೆ ಹೋದವನನ್ನು ರಸ್ತೆಯ ತಿರುವಿನಲ್ಲಿ ರಷ್ಯನ್ ಸೈನಿಕರು ಗುಂಡು ಹೊಡೆದು ಕೊಂದರು. ಯಾರು ಏನು ಅಂತಲೂ ಕೇಳಲಿಲ್ಲ. ಸ್ಮಶಾನದ ದಾರಿ ಅವರ ಕೈಯಲ್ಲಿತ್ತು. ನಾವಿಬ್ಬರೇ ಅದೇ ಗಾಡಿಯಲ್ಲಿ ಅವನನ್ನು ಎಳೆದು ತಂದು, ಹೂಮನೆಯ ಹಿಂದೆ, ಒಲೆಯ ಶಾಖಕ್ಕೆ ನೆಲ ಹೆಪ್ಪುಗಟ್ಟದೆ ಮೆತ್ತಗಿದ್ದ ಕಡೆ ಹೂತೆವು. ನನಗೆ ಅಳು ಬರಲಿಲ್ಲ. ಬಂದೀತು ಎಂದು ಕಾದೆ. ರಯೀಸಾ ಗುದ್ದಲಿ ತೊಳೆದು ಅದರ ಜಾಗದಲ್ಲಿಟ್ಟಳು.

ಮಾರ್ಚ್ ಎಂಟು ಬಂತು. ನಾವು ಮೆಟ್ಟಿಲ ಮೇಲೆ ಕೂತು ಆಲೂಗೆಡ್ಡೆ ಸುಲಿಯುತ್ತಿದ್ದೆವು. ಒಬ್ಬ ರಷ್ಯನ್ ಸೈನಿಕ ಬಂದ, ವಯಸ್ಸಾದವನೇ, ನುಣ್ಣಗೆ ಗಡ್ಡ ಹೆರೆದುಕೊಂಡಿದ್ದ. ಕೈಯಲ್ಲಿ ಟ್ಯೂಲಿಪ್. ನಮ್ಮ ಹೂಮನೆಯಲ್ಲೇ ಕಿತ್ತದ್ದು! ನನಗೆ ಮೂರು ಕೊಟ್ಟ, ರಯೀಸಾಗೆ ಐದು. "ಹಬ್ಬದ ಶುಭಾಶಯ ಕಣ್ರಮ್ಮಾ. ನಮ್ಮನ್ನ ಕೆಟ್ಟೋರು ಅಂದ್ಕೋಬೇಡಿ." ಎಂಥ ನಾಲಿಗೆ ನೋಡಿ! ಅವನ ಮುಖಕ್ಕೇ ಎಸೆಯಬೇಕಿತ್ತು. ಕೈ ಮೇಲೇಳಲಿಲ್ಲ, ಇಸ್ಕೊಂಡೆ.

ರಯೀಸಾ ಕೂಡ ಇಸ್ಕೊಂಡಳು. ಐದರಲ್ಲಿ ಒಂದನ್ನು ಎಳೆದು ಮೆಟ್ಟಿಲ ಮೇಲಿಟ್ಟಳು. ಉಳಿದ ನಾಲ್ಕನ್ನು ಹಿಡಿದುಕೊಂಡು ಹೂಮನೆಯ ಹಿಂದಕ್ಕೆ ನಡೆದಳು. ಅವನು ಮೆಟ್ಟಿಲ ಮೇಲಿನ ಒಂಟಿ ಹೂವನ್ನು ನೋಡಿದ, ಆಮೇಲೆ ಅವಳ ಕೈಯನ್ನು. ಅವರಲ್ಲೂ ಇದೇ ಪದ್ಧತಿಯಲ್ಲವೇ. ಹಿಂದೆಯೇ ಹೋಗಿ ಹಸಿ ಮಣ್ಣಿನ ದಿಬ್ಬದ ಮುಂದೆ ನಿಂತ.

"ಯಾರು?"

"ಗಂಡ."

ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಹೊರಟುಹೋದ. ನಮ್ಮ ಅಂಗಳಕ್ಕೆ ಅವನು ಮತ್ತೆ ಬರಲಿಲ್ಲ.

"ಅವನಿಗೇ ಅರ್ಥ ಆಯ್ತು," ಎಂದಳು ರಯೀಸಾ, ಆಲೂಗೆಡ್ಡೆಯ ಮುಂದೆ ಮತ್ತೆ ಕೂರುತ್ತ. "ಲೂಸ್ಯಾಗೆ ಹೇಳಬೇಕು ಕಣೇ. ಅವಳೊಂದು ಸಲ ಅಯ್ಯೋ ಅಂದ್ರೆ ನಂಗೂ ಅಳು ಬರುತ್ತೇನೋ."

ತಿಂಗಳ ಕೊನೆಗೆ ಸೈನ್ಯ ತೊಲಗಿತು. ಅದರ ಹಿಂದೆ ಲೋಕವೇ ನಮ್ಮ ಬೀದಿಗೆ ಬಂತು, ಕ್ಯಾಮೆರಾ ಹೊತ್ತುಕೊಂಡು. ಯಾವ ಯಾವ ದೇಶ ರಷ್ಯಾಕ್ಕೆ ನಿರ್ಬಂಧ ಹಾಕಿತು, ಎಲ್ಲೆಲ್ಲಿ ಗೋಧಿ, ಎಣ್ಣೆಯ ಬೆಲೆ ಏರಿತು ಎಂದು ಬಂದವರೇ ಹೇಳಿದರು. ಸರಿ, ಏರಿರಬಹುದು. ಪನಾಸ್ ಹೇಗೆ ಸತ್ತ ಎಂದು ಎಲ್ಲರೂ ಕೇಳಿದರು. ರಯೀಸಾ ಎಲ್ಲರಿಗೂ ಒಂದೇ ದನಿಯಲ್ಲಿ, ಪಕ್ಕದೂರಿನ ಸಂಗತಿಯ ಹಾಗೆ ಹೇಳಿದಳು. ಅವಳು ಕಾಯುತ್ತಿದ್ದದ್ದು ಫೋನು ಸರಿಯಾಗುವುದಕ್ಕೆ.

ಸರಿಯಾದ ದಿನ ತಲೆ ಬಾಚಿಕೊಂಡು ಬಂದು, ನನಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಕರೆ ಮಾಡಿದಳು.

"ಲೂಸ್ಯಾ, ಪನಾಸ್ ಹೋಗ್ಬಿಟ್ಟ. ನಿಮ್ಮೋರು ಗುಂಡು ಹೊಡೆದ್ರು."

"ಹೀಗನ್ನು ಅಂತ ಯಾರು ಹೇಳಿಕೊಟ್ರೇ? ಪಕ್ಕದಲ್ಲಿ ಯಾರಿದಾರೆ?"

"ಹನ್ನಾ ಇದಾಳೆ."

"ನಮ್ಮೋರು ಜನರಿಗೆ ಹೊಡೆಯಲ್ಲ ರಾಯಾ. ಅದೆಲ್ಲಾ ನಾಟಕ, ತೋರಿಸಿದ್ರು ಇಲ್ಲಿ. ನಮ್ಮ ಗೋಳು ಕೇಳೋರೇ ಇಲ್ಲ. ನಿಮ್ಮ ದೆಸೆಯಿಂದ ಬ್ಯಾಂಕ್ ಕಾರ್ಡ್ ನಡೀತಿಲ್ಲ, ಮಗಳು ಕೆಲಸಕ್ಕಿದ್ದ ವಿದೇಶಿ ಕಂಪನಿ ಬಾಗಿಲು ಹಾಕ್ಕೊಂಡು ಹೋಯ್ತು."

"ನನ್ನ ಕೈಯಾರೆ ಹೂತೆ ಕಣೇ."

"ಸಾಕು ಮಾಡು! ಅವನಿಗೆ ಫೋನ್ ಕೊಡು. ನನ್ನ ಮದುವೇಲಿ ಪೆಟ್ಟಿಗೆ ಹೊತ್ತು ರೈಲು ಹತ್ತಿಸಿದವನು ಅವನು. ನನ್ನ ಹತ್ರ ಸುಳ್ಳು ಹೇಳಲ್ಲ. ಕೊಡು ಅಂದ್ರೆ ಕೊಡು."

ನನ್ನ ಬಾಯಿಗೆ ಬೈಗುಳ ಬಂದಿತ್ತು. ರಯೀಸಾ ಕೈಯೆತ್ತಿ ತಡೆದಳು. "ಕೊಡ್ತೀನಿ, ಇರು," ಎಂದು ಎದ್ದಳು. ಹೂಮನೆಯ ಹಿಂದೆ ಹೋಗಿ, ಫೋನನ್ನು ದಿಬ್ಬದ ಮೇಲಿಟ್ಟು ಪಕ್ಕದಲ್ಲಿ ಕೂತಳು.

"ಪನಾಸ್? ನಾನು ಕಣೋ, ಲೂಸ್ಯಾ," ಎಂದಿತು ಫೋನು. "ಯಾಕೋ, ನನ್ನ ಮೇಲೂ ಸಿಟ್ಟಾ? ಏನಾದ್ರೂ ಅನ್ನೋ."

ಹಿಂದೆಯೇ ಬಂದಿದ್ದ ನಾನು ದಿಬ್ಬದ ಮೇಲಿನ ಒಣ ಹೂಗಳನ್ನು ಸರಿಪಡಿಸಿದೆ.

"ನೋಡು, ನಿನ್ನ ಉಸಿರು ಕೇಳಿಸ್ತಿದೆ. ಅಲ್ಲೇ ಇದೀಯ ಅಂತ ನಂಗೊತ್ತು ಬಿಡು. ಮಾತಾಡೋ."

ಒಡೆದ ಗಾಜಿನ ಸಂದಿನಲ್ಲಿ ಗಾಳಿ ಆಡುತ್ತಿತ್ತು. ರಯೀಸಾ ಫೋನು ಎತ್ತಿಕೊಳ್ಳಲಿಲ್ಲ, ಅಳಲೂ ಇಲ್ಲ.