ಗಿರಿಜಳ ಸ್ವಇಚ್ಛೆ

ಹಿತ್ತಾಳೆಯನ್ನು ಬೆಳಗಬೇಕಾದರೆ ಹುಣಸೆಹುಳಿ ಬೇಕು, ಒಲೆಯ ಬೂದಿ ಬೇಕು, ಅವೆರಡಕ್ಕಿಂತ ಹೆಚ್ಚಾಗಿ ತೋಳಿನಲ್ಲಿ ಒಂದಿಷ್ಟು ಸಿಟ್ಟು ಬೇಕು. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ನಾನು ಕೆಡೆಟ್ ಆಗಿದ್ದ ಕಾಲದಲ್ಲಿ, ಖಾಕಿ ಸಮವಸ್ತ್ರದ ಸೊಂಟಪಟ್ಟಿಗೆ ಒಂದು ಹಿತ್ತಾಳೆಯ ಬಕಲ್ ಇರುತ್ತಿತ್ತು. ಪರೇಡಿನ ಹಿಂದಿನ ಸಂಜೆ ಬಾವಿಕಟ್ಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನಾನು ಅದನ್ನು ಉಜ್ಜುತ್ತಿದ್ದರೆ, ಸಾರಿಗೆಂದು ತೆಗೆದಿಟ್ಟ ಹುಳಿ ಎಲ್ಲಿ ಮಾಯವಾಯಿತೆಂದು ಅಮ್ಮ ಅಡುಗೆಮನೆಯಿಂದಲೇ ಗೊಣಗುತ್ತಿದ್ದಳು. ದೇಶಕ್ಕಾಗಿ ಹುಳಿ ಕೊಟ್ಟೆನೆಂದು ತಿಳಿದುಕೋ ಎಂದು ನಾನು ಗತ್ತಿನಿಂದ ಹೇಳುತ್ತಿದ್ದೆ. ಉತ್ತರದ ಗಡಿಯ ಯುದ್ಧ ಮುಗಿದು ಹೆಚ್ಚು ಕಾಲ ಆಗಿರಲಿಲ್ಲ. ಆಗ ಎಲ್ಲವೂ ದೇಶಕ್ಕಾಗಿಯೇ ಇತ್ತು, ನಮ್ಮ ಮನೆಯ ಹುಳಿ ಕೂಡ.

ಹುಡುಗಿಯರಿಗೂ ಕೆಡೆಟ್ ತರಬೇತಿ ಎಂದಾಗ ಊರು ಮೊದಲು ನಕ್ಕಿತು, ಆಮೇಲೆ ನೋಡಲು ಬಂತು. ನಮ್ಮನ್ನು ತಯಾರು ಮಾಡುವ ಹೊಣೆ ಹೊತ್ತವರು ಸಮಾಜಪಾಠದ ವಿಮಲಾ ಟೀಚರ್. ಅವರ ತರಗತಿಯ ಹಿಂಗೋಡೆಯ ಮೇಲೆ ನಾಯಕತ್ವದ ಗುಣಗಳನ್ನು ನೀಲಿ ಬಣ್ಣದಲ್ಲಿ ಬರೆಸಿದ್ದರು: ಧೈರ್ಯ, ನ್ಯಾಯ, ನಿಷ್ಠೆ, ತ್ಯಾಗ, ಹೀಗೆ ಸೂರಿನವರೆಗೂ. ನಾಯಕಿಗೆ ಜಾತಿಯಿಲ್ಲ, ಮನೆತನವಿಲ್ಲ, ಮುಂದೆ ನಿಲ್ಲುವ ಹಕ್ಕು ಯೋಗ್ಯತೆಗೆ ಮಾತ್ರ ಎಂದು ಟೀಚರ್ ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಆ ಹೊಳಪು ನಾಟಕವಾಗಿರಲಿಲ್ಲವೆಂದು ನಾನು ಈಗಲೂ ನಂಬುತ್ತೇನೆ. ಮಾತು ಸುಳ್ಳಾಗಿದ್ದರೆ ನಕ್ಕು ಮರೆತುಬಿಡಬಹುದಿತ್ತು. ನಿಜವಾದ ಮಾತನ್ನೇ ಆಡಿ, ಅದನ್ನು ನಮ್ಮೆದುರೇ ಕೈಬಿಟ್ಟರಲ್ಲ, ಅದು ನನ್ನನ್ನು ಇಂದಿಗೂ ಉರಿಸುತ್ತದೆ.

ಯೋಗ್ಯತೆಯ ಪರೀಕ್ಷೆಯಲ್ಲಿ ಗೆದ್ದು ತೋಳಿಗೆ ನಾಯಕಿಯ ಪಟ್ಟಿ ಕಟ್ಟಿಸಿಕೊಂಡವಳು ಗಿರಿಜ. ತೋಡಾರಿನ ಕಡೆಯಿಂದ ಮಂಗಳೂರು ರಸ್ತೆಯಲ್ಲಿ ನಡೆದು ಬರುತ್ತಿದ್ದ ಹುಡುಗಿ. ಅವಳ ಅಪ್ಪ ಊರಿನ ದೊಡ್ಡ ಧನಿಗಳ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲು. ಎತ್ತರವೇನೂ ಇರಲಿಲ್ಲ, ಆದರೆ ಅವಳು "ಸಾವಧಾನ್!" ಎಂದರೆ ಮೈದಾನದಾಚೆ ಸೈಕಲ್ ತುಳಿಯುತ್ತಿದ್ದವರೂ ಒಂದು ಕ್ಷಣ ಕಾಲು ನಿಲ್ಲಿಸುತ್ತಿದ್ದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೈದಾನದಲ್ಲಿ ಹಿಂದಿ ಎಂದು ಮೂರು ಭಾಷೆಗಳ ನಡುವೆ ಎಡವುತ್ತಿದ್ದ ನಮಗೆ ಆ ಆಜ್ಞೆಗಳ ಅರ್ಥ ಅಷ್ಟಕ್ಕಷ್ಟೆ; ಗಿರಿಜಳ ಸ್ವರ ಮಾತ್ರ ನೇರವಾಗಿ ಕಾಲಿಗೇ ಅರ್ಥವಾಗುತ್ತಿತ್ತು. ತಪ್ಪಿದವರು ಮೈದಾನಕ್ಕೆ ಒಂದು ಸುತ್ತು ಓಡಬೇಕೆಂಬುದು ಅವಳ ನಿಯಮ. ನಾನು ಓಡಿದ್ದೇನೆ. ಒಮ್ಮೆ ಆಜ್ಞೆ ತಪ್ಪಾಗಿ ಕೊಟ್ಟಾಗ, ಯಾರೂ ಹೇಳದಿದ್ದರೂ, ಅವಳೂ ಓಡಿದಳು; ಓಡಿ ಬಂದು ಏದುಸಿರು ಬಿಡುತ್ತಲೇ ಸರಿಯಾದ ಆಜ್ಞೆ ಕೊಟ್ಟಳು. ಗೋಡೆಯ ಮೇಲಿನ 'ನ್ಯಾಯ' ಎಂಬ ನೀಲಿ ಪದಕ್ಕೆ ಕಾಲು ಬಂದದ್ದನ್ನು ನಾನು ನೋಡಿದ್ದು ಆವತ್ತು.

ಹಾಗೆ ಓಡಿದವರಲ್ಲಿ ನಳಿನಿಯೂ ಒಬ್ಬಳು. ನಳಿನಿ ಅದೇ ಧನಿಗಳ ಮಗಳು. ಕಾರಿನಲ್ಲಿ ಬಂದು ಹೋಗುವ, ಎಡ ಬಲ ಯಾವಾಗಲೂ ಅದಲುಬದಲು ಮಾಡುವ, ಓಡಿ ಬಂದಮೇಲೆ "ಸಾಕಾಯ್ತು ಮಾರಾಯ್ತಿ" ಎಂದು ಗಿರಿಜಳ ಹೆಗಲಿಗೇ ಒರಗಿ ನಗುವ ಹುಡುಗಿ. ಅವರಿಬ್ಬರ ನಡುವೆ ಯಾವ ಮುನಿಸೂ ಇರಲಿಲ್ಲ. ಇದ್ದದ್ದು ಮೈದಾನದ ಅಂಚಿನಲ್ಲಿ ನಿಂತ ಕಾರಿನೊಳಗೆ. ಒಂದು ಸಂಜೆ ಮಗಳನ್ನು ಕರೆದೊಯ್ಯಲು ಸ್ವತಃ ಬಂದಿದ್ದ ಧನಿಗಳು, ತಮ್ಮ ಒಕ್ಕಲಿನ ಮಗಳು ಕೈ ತೋರಿಸಿ "ನಳಿನೀ, ಒಂದು ಸುತ್ತು!" ಎಂದು ಕೂಗಿದ್ದನ್ನೂ, ತಮ್ಮ ಮಗಳು ಮರುಮಾತಿಲ್ಲದೆ ಓಡಿದ್ದನ್ನೂ ಗಾಜಿನ ಹಿಂದಿನಿಂದ ನೋಡಿದರು.

ಮರುದಿನ ಗಿರಿಜಳ ಅಪ್ಪನಿಗೆ ಕರೆ ಹೋಯಿತು. ಧನಿಗಳ ಅಂಗಳದಲ್ಲಿ ನಡೆದದ್ದನ್ನು ಗಿರಿಜ ನನಗೆ ಶಾಲೆಯ ದಾರಿಯಲ್ಲಿ ಹೇಳಿದಳು. ಅಪ್ಪ ಹೆಗಲ ಬೈರಾಸನ್ನು ಸೊಂಟಕ್ಕೆ ಸುತ್ತಿಕೊಂಡು ಕೆಳಗೆ ನಿಂತಿದ್ದರಂತೆ. ಧನಿಗಳು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರಂತೆ: "ನಿನ್ನ ಮಗಳು ಭಾರೀ ಆಫೀಸರು ಆಗಿದ್ದಾಳಲ್ಲ! ಇನ್ನು ನಿನಗೆ ಗದ್ದೆಯ ಕಷ್ಟ ಯಾಕೆ? ಬರುವ ವರ್ಷ ನಾವೇ ಮಾಡಿಸುವ ಅಂತ ಆಲೋಚನೆ ಉಂಟು." ಇದೆಲ್ಲ ತುಳುವಿನಲ್ಲಿ ಆಡಿದ ಮಾತು, ಕನ್ನಡಕ್ಕೆ ಬರುವಾಗ ಸ್ವಲ್ಪ ಸೌಮ್ಯವಾಯಿತು, ಕ್ಷಮಿಸಿ. ಜೋರು ದನಿಯಿಲ್ಲ, ಬೈಗಳಿಲ್ಲ. ಅಧಿಕಾರ ಬೇರೂರಿದ ಜಾಗದಲ್ಲಿ ಕೂಗುವ ಅಗತ್ಯವೇ ಬೀಳುವುದಿಲ್ಲ ನೋಡಿ. ಸುಣ್ಣ ಹಚ್ಚುತ್ತಲೇ ಒಂದು ಸಂಸಾರವನ್ನು ಒಕ್ಕಲೆಬ್ಬಿಸಬಹುದು.

"ಅಪ್ಪ ಎಂತ ಹೇಳಿದರು?" ಎಂದು ಕೇಳಿದೆ.

"ಎಂತ ಹೇಳ್ತಾರೆ? ಮನೆಗೆ ಬಂದು ಊಟ ಮಾಡದೆ ಮಲಗಿದ್ರು. ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಸುಮತೀ."

ಅಷ್ಟರಲ್ಲಿ ಮಾತು ಶಾಲೆಗೂ ತಲುಪಿತ್ತು. ಶಾಲೆಯ ಹೊಸ ಕಟ್ಟಡದ ಮಾಡಿಗೆ ಮರ ಕೊಟ್ಟವರು ಆ ಧನಿಗಳೇ. ಹೆಡ್‌ಮಾಷ್ಟ್ರು ಆ ಮಾಡಿನ ಕೆಳಗೇ ಕೂರುತ್ತಿದ್ದರು. ವಿಮಲಾ ಟೀಚರ್ ಗಿರಿಜಳನ್ನು ಪಕ್ಕಕ್ಕೆ ಕರೆದು, ಬಹಳ ಪ್ರೀತಿಯಿಂದ, ತಲೆ ಸವರಿ ಹೇಳಿದರಂತೆ: "ನೀನೇ ಬಂದು ಬೇಡ ಅಂತ ಹೇಳು ಮಗಾ. ನಾವು ತೆಗೆದದ್ದು ಅಂತ ಆಗುವುದು ಬೇಡ. ನಿನ್ನ ಅಪ್ಪನಿಗೂ ಒಳ್ಳೆಯದು, ಶಾಲೆಗೂ ಒಳ್ಳೆಯದು." ಕಸಿದುಕೊಳ್ಳುವುದು ಒಂದು ಅನ್ಯಾಯ. ಕಸಿದುಕೊಂಡದ್ದನ್ನು ಕೊಟ್ಟದ್ದೆಂದು ಅವಳ ಬಾಯಿಂದಲೇ ಹೇಳಿಸುವುದಿದೆಯಲ್ಲ, ಅದಕ್ಕೆ ನಮ್ಮ ನಿಘಂಟಿನಲ್ಲಿ ಪದವೇ ಇಲ್ಲ. ಗಿರಿಜ ಹೇಳಿದಳು. ಅಪ್ಪನ ಗದ್ದೆಗಾಗಿ ಹೇಳಿದಳು.

ಸೋಮವಾರದ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಾಷ್ಟ್ರು ಗಂಟಲು ಸರಿಮಾಡಿಕೊಂಡು, ಗಿರಿಜ ಎಂಬ ವಿದ್ಯಾರ್ಥಿನಿಯು ತನ್ನ ಸ್ಥಾನವನ್ನು ಸ್ವಇಚ್ಛೆಯಿಂದ ಸಹಪಾಠಿ ನಳಿನಿಗೆ ಬಿಟ್ಟುಕೊಟ್ಟಿದ್ದಾಳೆಂದೂ, ತ್ಯಾಗವೇ ನಾಯಕತ್ವದ ಶ್ರೇಷ್ಠ ಲಕ್ಷಣವೆಂಬುದಕ್ಕೆ ಅವಳೇ ಜೀವಂತ ಉದಾಹರಣೆಯೆಂದೂ ಸಾರಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಗಿರಿಜ ಸಾಲಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದಳು. ತೋಳಿನ ಪಟ್ಟಿ ಬಿಚ್ಚಿದ ಜಾಗದಲ್ಲಿ ಖಾಕಿ ಬಟ್ಟೆ ಇನ್ನೂ ಗಾಢವಾಗಿತ್ತು. ವ್ಯಾಕರಣದ ಪಾಠದಲ್ಲಿ ನಾವು ಗುಣಸಂಧಿ ಕಲಿತಿದ್ದೆವು: ಸ್ವ ಮತ್ತು ಇಚ್ಛೆ ಕೂಡಿದರೆ ಸ್ವೇಚ್ಛೆ. ಮನಬಂದಂತೆ ನಡೆಯುವುದಕ್ಕೂ ಅದೇ ಪದ. ಒಬ್ಬರ ಸ್ವೇಚ್ಛೆ ಇನ್ನೊಬ್ಬಳ ಸ್ವಇಚ್ಛೆಯಾಗಿ ಮಾರ್ಪಡುವ ಈ ಸಂಧಿಯನ್ನು ಮಾತ್ರ ಯಾವ ಪಂಡಿತರೂ ನಮಗೆ ಕಲಿಸಿರಲಿಲ್ಲ.

ಪ್ರಾರ್ಥನೆ ಮುಗಿದೊಡನೆ ನಾನು ಟೀಚರ ಕೋಣೆಗೆ ಹೋದೆ.

"ಅದು ಸುಳ್ಳಲ್ವಾ ಟೀಚರ್?"

ಅವರು ಕಿಟಕಿಯ ಕಡೆ ನೋಡಿದರು. "ನೀನು ಸಣ್ಣವಳು ಸುಮತಿ. ನಿನಗೆ ಗೊತ್ತಾಗುವುದಿಲ್ಲ. ನನ್ನ ಮೇಲೆಯೂ ಹೆಡ್‌ಮಾಷ್ಟ್ರು ಇದ್ದಾರೆ."

"ಗೋಡೆಯಲ್ಲಿ ಬರೆದದ್ದು ಉಂಟಲ್ಲ?"

"ಕ್ಲಾಸಿಗೆ ಹೋಗು."

ನಾನು ಹೋದೆ. ಆದರೆ ಆ ವಾಕ್ಯ ನನ್ನ ಜೊತೆಯಲ್ಲೇ ಬಂತು: ನನ್ನ ಮೇಲೆಯೂ ಇದ್ದಾರೆ. ಟೀಚರ ಮೇಲೆ ಹೆಡ್‌ಮಾಷ್ಟ್ರು, ಅವರ ಮೇಲೆ ಧನಿಗಳ ಮರದ ಮಾಡು. ಆಮೇಲಿನ ಬದುಕಿನಲ್ಲಿ ಎಷ್ಟೋ ಕಚೇರಿಗಳಲ್ಲಿ, ಎಷ್ಟೋ ಮೇಜುಗಳ ಆಚೆಯಿಂದ ನಾನು ಈ ವಾಕ್ಯವನ್ನು ಕೇಳಿದ್ದೇನೆ; ಆಡುವವರೆಲ್ಲ ಒಳ್ಳೆಯವರೇ ಆಗಿರುತ್ತಾರೆ. ಕೆಳಗಿನವರು ತಮ್ಮನ್ನು ನೋಡುತ್ತಿರುವಾಗ ತಾವು ಮೇಲೆಯೇ ನೋಡುತ್ತಿರುವವರನ್ನು ನಾಯಕರೆಂದು ಕರೆಯುವುದು ಹೇಗೆ, ನೀವೇ ಹೇಳಿ.

ನಳಿನಿಗೆ ಪಟ್ಟಿ ಬಂತು, ಸ್ವರ ಬರಲಿಲ್ಲ. ಅಭ್ಯಾಸದಲ್ಲಿ ಅವಳು ಬಾಯಿ ತೆರೆದರೆ ಮೊದಲ ಸಾಲಿಗೂ ಕೇಳಿಸುತ್ತಿರಲಿಲ್ಲ. ಗಿರಿಜ ಸಾಲಿನ ಬಲತುದಿಯಲ್ಲಿ ನಿಂತು ಮೆಲ್ಲನೆ ಹೇಳಿಕೊಡುತ್ತಿದ್ದಳು, ನಳಿನಿ ಅದನ್ನೇ ಕೂಗುತ್ತಿದ್ದಳು, ನಾವು ನಡೆಯುತ್ತಿದ್ದೆವು. ಒಂದು ದಿನ ನೀರು ಕುಡಿಯುವ ಜಾಗದಲ್ಲಿ ನಳಿನಿ ಅತ್ತುಬಿಟ್ಟಳು: "ನನಗೆ ಬೇಡ ಅಂತ ಅಪ್ಪನಿಗೆ ಹೇಳಿದೆ. ಅವರು ಕೇಳುವುದಿಲ್ಲ. ನಿನ್ನ ಮೇಲೆ ಆಣೆ ಗಿರಿಜ." ಗಿರಿಜ ತನ್ನ ಕರವಸ್ತ್ರ ಕೊಟ್ಟಳು. "ಅಳಬೇಡ. 'ದಾಹಿನೇ ದೇಖ್' ಹೇಳುವಾಗ ಹೊಟ್ಟೆಯಿಂದ ಉಸಿರು ತೆಗಿ" ಎಂದಳು.

ಗಣರಾಜ್ಯೋತ್ಸವಕ್ಕೆ ಸುತ್ತಲಿನ ಶಾಲೆಗಳ ಕೆಡೆಟ್‌ಗಳದ್ದೆಲ್ಲ ಒಟ್ಟಿಗೆ ಬಂಟ್ವಾಳದಲ್ಲಿ ಪರೇಡು. ಮುಂಜಾನೆಯ ಬಸ್ಸಿನಲ್ಲಿ ಹೋದೆವು. ಮಳೆಗಾಲದಲ್ಲಿ ಪೇಟೆಯ ಅಂಗಡಿಗಳೊಳಗೆ ನುಗ್ಗುವ ನೇತ್ರಾವತಿ ಆ ಚಳಿಗಾಲದ ಬೆಳಗಿನಲ್ಲಿ ಮರಳಿನ ನಡುವೆ ಸಾಧುವಾಗಿ ಮಲಗಿತ್ತು. ವೇದಿಕೆಯ ಮೇಲೆ ದೊಡ್ಡ ಅಧಿಕಾರಿಗಳು, ಎದುರಿನ ಕುರ್ಚಿಗಳಲ್ಲಿ ಊರಿನ ಗಣ್ಯರು, ಅವರ ನಡುವೆ ಬಿಳಿ ಅಂಗಿಯಲ್ಲಿ ನಮ್ಮ ಧನಿಗಳು. ವೇದಿಕೆಯ ಎದುರು ಬರುತ್ತಲೇ ನಾಯಕಿ "ದಾಹಿನೇ ದೇಖ್" ಎಂದು ಕೂಗಬೇಕು. ತಾನು ಸೆಲ್ಯೂಟ್ ಹೊಡೆಯಬೇಕು. ನಾವೆಲ್ಲ ಒಟ್ಟಿಗೆ ಬಲಕ್ಕೆ ಮುಖ ತಿರುಗಿಸಿ ವಂದಿಸಬೇಕು. ಇಡೀ ಪರೇಡಿನ ಪ್ರಾಣ ಆ ಒಂದು ಕ್ಷಣದಲ್ಲಿ.

ಬ್ಯಾಂಡಿನ ಸದ್ದಿಗೆ ಹೆಜ್ಜೆ ಹಾಕುತ್ತ ನಾವು ಬಂದೆವು. ವೇದಿಕೆ ಬಂತು. ಮುಂದೆ ನಡೆಯುತ್ತಿದ್ದ ನಳಿನಿಯ ಸ್ವರ ಹೊರಡಲಿಲ್ಲ. ಬಲತುದಿಯಲ್ಲಿ ಗಿರಿಜ ಇದ್ದಳು. ಅವಳು ಒಂದು ಬಾರಿ ಬಾಯಿ ತೆರೆದರೆ ಸಾಕು, ಹೊಳೆಯಾಚೆಗೂ ಕೇಳಿಸುತ್ತಿತ್ತು. ನಾವೆಲ್ಲ ಕಿವಿ ಅವಳ ಕಡೆಗಿಟ್ಟು ನಡೆದೆವು. ಅವಳು ಬಾಯಿ ತೆರೆಯಲಿಲ್ಲ. ಗಲ್ಲ ಎತ್ತಿ, ದೃಷ್ಟಿ ನೇರವಿಟ್ಟು, ಒಂದು ಹೆಜ್ಜೆಯೂ ತಪ್ಪದೆ ನಡೆದಳು. ಅಧಿಕಾರಿಗಳು ಹಣೆಗೆ ಕೈಯೊಯ್ದು ನಿಂತೇ ಇದ್ದರು. ನಾವು ಯಾರನ್ನೂ ನೋಡದೆ, ಯಾರಿಗೂ ವಂದಿಸದೆ, ಬಹಳ ಶಿಸ್ತಿನಿಂದ ಅವರನ್ನು ದಾಟಿ ಹೋದೆವು.

ವೇದಿಕೆಯ ಹಿಂದೆ ವಿಮಲಾ ಟೀಚರ್ ಓಡಿ ಬಂದರು. ಮುಖ ಕೆಂಪಾಗಿತ್ತು. ಅವರ ಹಿಂದೆಯೇ ಧನಿಗಳು. ಟೀಚರ್ ನಳಿನಿಯನ್ನು ಕೇಳಲಿಲ್ಲ, ಗಿರಿಜಳನ್ನು ಕೇಳಿದರು.

"ನಿನಗೆ ಗೊತ್ತಿತ್ತಲ್ಲ! ಯಾಕೆ ಕೂಗಲಿಲ್ಲ? ಶಾಲೆಯ ಮಾನ ಹೋಯ್ತು!"

ಗಿರಿಜ ಸಾವಧಾನ್ ಭಂಗಿಯಲ್ಲೇ ನಿಂತಿದ್ದಳು. "ಆಜ್ಞೆ ಕೊಡುವುದು ನಾಯಕಿ ಟೀಚರ್. ನಾನು ಸಾಲಿನವಳು."

"ನೋಡಿದಿರಾ ಇವಳ ಸೊಕ್ಕು!" ಎಂದರು ಧನಿಗಳು.

ಆಗ ನಳಿನಿಯ ಸ್ವರ ಹೊರಬಂತು. ವೇದಿಕೆಯೆದುರು ಬರದ ಸ್ವರ. "ಅವಳಿಗೆ ಎಂತ ಹೇಳ್ತೀರಿ ಅಪ್ಪ? ನನಗೆ ಬರುವುದಿಲ್ಲ ಅಂತ ನಾನು ಹೇಳಿದ್ದೆನಲ್ಲ! ಅವಳದ್ದು ನೀವು ತೆಗೆದುಕೊಂಡದ್ದು. ನಾನು ಕೇಳಿದ್ದಲ್ಲ."

ಧನಿಗಳು ಮಗಳ ತೋಳು ಹಿಡಿದು ಕಾರಿನ ಕಡೆಗೆ ನಡೆದರು. ಟೀಚರ್ ಅಲ್ಲಿಯೇ ನಿಂತು ತಮ್ಮ ಕೈಯ ಪೀಪಿಯನ್ನು ತಿರುಗಿಸುತ್ತಿದ್ದರು, ಅದು ಯಾವ ಕೆಲಸದ ವಸ್ತುವೆಂದು ಮರೆತವರಂತೆ.

ಇದನ್ನು ಗೆಲುವೆಂದು ನಾನು ಬರೆಯಲಾರೆ. ಆ ವರ್ಷದ ಕೊಯ್ಲು ಮುಗಿದ ಮೇಲೆ ಧನಿಗಳು ಗದ್ದೆ ಬಿಡಿಸಿಕೊಂಡರು. ಯಾವುದನ್ನು ಉಳಿಸಲೆಂದು ಗಿರಿಜ ಪಟ್ಟಿ ಬಿಚ್ಚಿ ಕೊಟ್ಟಿದ್ದಳೋ ಅದು ಉಳಿಯಲಿಲ್ಲ. ತ್ಯಾಗ ಎಂದು ಚಪ್ಪಾಳೆ ಹೊಡೆದವರು ಯಾರೂ ಅದನ್ನು ಕೇಳಲು ಹೋಗಲಿಲ್ಲ. ಮುಂದೆ ಉಳುವವರಿಗೇ ಭೂಮಿ ಎಂಬ ಕಾನೂನು ಬಂದು, ನಮ್ಮ ಸುತ್ತಿನ ಎಷ್ಟೋ ಒಕ್ಕಲು ಮನೆಗಳು ಗದ್ದೆಯ ಒಡೆಯರಾದವು. ಅಷ್ಟರಲ್ಲಿ ಗಿರಿಜಳ ಅಪ್ಪ ಯಾವ ಗದ್ದೆಯ ಒಕ್ಕಲೂ ಆಗಿರಲಿಲ್ಲ, ಕೊಕ್ಕಡದಲ್ಲಿ ಯಾರದೋ ರಬ್ಬರು ತೋಟದ ಕೂಲಿಯಾಗಿದ್ದರು. ಕಾನೂನು ಅವರನ್ನು ಹುಡುಕಿಕೊಂಡು ಘಟ್ಟದ ಬುಡದವರೆಗೆ ಹೋಗಲಿಲ್ಲ. ನಾನು ಶಾಂತಳಾಗಿ ಬರೆಯಬೇಕೆಂದು ಕೂತಿದ್ದೆ, ಆಗುತ್ತಿಲ್ಲ.

ಅವರು ಊರು ಬಿಟ್ಟ ದಿನ ಗಿರಿಜ ಸಮವಸ್ತ್ರ ಹಿಂದಿರುಗಿಸಲು ಶಾಲೆಗೆ ಬಂದಿದ್ದಳು. ಒಗೆದು, ಇಸ್ತ್ರಿ ಮಾಡಿ, ಮಡಚಿ ತಂದಿದ್ದಳು. ನಾವು ಮೈದಾನದಲ್ಲಿದ್ದೆವು. ಅವಳು ಬೆಳ್ತಂಗಡಿ ಬಸ್ಸಿಗೆಂದು ಮೈದಾನದ ಬದಿಯ ರಸ್ತೆಯಲ್ಲಿ ಹೋಗುತ್ತಿದ್ದುದನ್ನು ನಳಿನಿ ನೋಡಿದಳು. ಪಟ್ಟಿ ಆಗಲೂ ನಳಿನಿಯ ತೋಳಿನಲ್ಲೇ ಇತ್ತು. ಅದನ್ನು ತೆಗೆಯುವ ಧೈರ್ಯ ಶಾಲೆಗೆ ಇರಲಿಲ್ಲ. ನಳಿನಿ ನಮ್ಮ ಕಡೆ ತಿರುಗಿ ಹೊಟ್ಟೆಯಾಳದಿಂದ ಕೂಗಿದಳು, "ದಾಹಿನೇ ದೇಖ್!" ನಮ್ಮೆಲ್ಲರ ಮುಖ ಒಟ್ಟಿಗೆ ರಸ್ತೆಯ ಕಡೆಗೆ ತಿರುಗಿತು. ನಳಿನಿ ಸೆಲ್ಯೂಟ್ ಹೊಡೆದು ನಿಂತಳು.

ಗಿರಿಜ ನಿಂತಳು. ಹರಕು ಕೊಡೆಯೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಮ್ಮನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅಳುತ್ತಾಳೆ ಎಂದುಕೊಂಡೆ.

"ಮೊಣಕೈ ಬಿದ್ದಿದೆ ನಳಿನೀ," ಎಂದು ಕೂಗಿದಳು, ಮೈದಾನದಾಚೆಗೂ ಕೇಳುವಂತೆ. "ಎತ್ತು!"

ನಳಿನಿ ಎತ್ತಿದಳು. ಬಸ್ಸು ಬಂತು.